ಪ್ರಾಜೆಕ್ಟ್ ಮಕ್ಕಳದೋ, ಅಂಗಡಿಯದೋ?

ಮಾನ್ಯರೇ,

ಐದನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ವಾರ ಶಾಲೆಗೆ ಗೋಳಗುಮ್ಮಟದ ಮಾದರಿಯೊಂದನ್ನು ಒಯ್ಯಬೇಕಿತ್ತು. ಹಿಂದಿನ ರಾತ್ರಿ ಒಂಬತ್ತಕ್ಕೆ ಅವಳ ತಂದೆ ಸ್ಟೇಷನರಿ ಅಂಗಡಿಯಿಂದ ಥರ್ಮಾಕೋಲ್, ಗೋಂದು, ಬಣ್ಣದ ಕಾಗದ ತಂದರು, ತಾಯಿ ಕತ್ತರಿಸಿ ಅಂಟಿಸಿದರು. ಹನ್ನೊಂದರ ಹೊತ್ತಿಗೆ ಗುಮ್ಮಟ ಎದ್ದು ನಿಂತಾಗ ಮಗು ನಿದ್ದೆಹೋಗಿತ್ತು. ತರಗತಿಯಲ್ಲಿ ಅದಕ್ಕೆ ಪೂರ್ತಿ ಅಂಕ ಬಂತು. ತಾನೇ ಜೇಡಿಮಣ್ಣು ಮೆತ್ತಿ, ತುಸು ಕುಸಿದ ಗುಮ್ಮಟವನ್ನು ತಂದಿದ್ದ ಹುಡುಗನಿಗೆ ‘ನೀಟಾಗಿಲ್ಲ’ ಎಂಬ ಷರಾ ಸಿಕ್ಕಿತಂತೆ.

ನನ್ನ ದೃಷ್ಟಿಯಲ್ಲಿ ಕಲಿತವನು ಆ ಹುಡುಗನೊಬ್ಬನೇ. ಹಸಿ ಮಣ್ಣಿನ ಗುಮ್ಮಟ ಕೈಯಲ್ಲೇ ಕುಸಿದಾಗ, ನಡುವೆ ಒಂದು ಕಂಬವೂ ಇಲ್ಲದೆ ವಿಜಯಪುರದ ಆ ಬೃಹತ್ ಗುಮ್ಮಟ ಹೇಗೆ ನಿಂತಿದೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಅದರ ಭಾರ ಹೊತ್ತಿರುವ ಸಂಗತಿಯನ್ನು ಶಿಕ್ಷಕರು ಹೇಳಬೇಕಾದ ಗಳಿಗೆಯೂ ಅದೇ. ಸಿಬಿಎಸ್‌ಇ 2020–21ರಿಂದ ಒಂದರಿಂದ ಹತ್ತನೇ ತರಗತಿಯವರೆಗೆ ಕಲೆಯೊಂದಿಗೆ ಬೆಸೆದ ಪ್ರಾಜೆಕ್ಟ್‌ಗಳನ್ನು ಕಡ್ಡಾಯಗೊಳಿಸಿದ್ದು, ಮಕ್ಕಳು ಕೈಯಿಂದ ಮಾಡುತ್ತಾ ಪಾಠ ಅರಿಯಲಿ ಎಂದೇ ಹೊರತು ಪಾಲಕರ ಕೈಚಳಕ ನೋಡಲು ಅಲ್ಲ. ಇನ್ನು ಥರ್ಮಾಕೋಲ್ ವಿಷಯ: ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಪರಿಸರ ದಿನದ ಚಿತ್ರಗಳನ್ನೇ ಅದರ ಮೇಲೆ ಅಂಟಿಸಿ ತಂದ ಮಕ್ಕಳನ್ನು ನಾನು ಕಂಡಿದ್ದೇನೆ!

ನಮ್ಮ ಸಾಗರ ಸೀಮೆಯಲ್ಲಿ ದೀವರು ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಅಂಗಡಿಯ ಸಾಮಾನು ಯಾವುದೂ ಬೇಕಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆ ಹಬ್ಬದಲ್ಲಿ ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಅದೇ ಗೆರೆಗಳು. ಆರನೇ ತರಗತಿಯ ಮಕ್ಕಳಿಗೆ ಸಮಾನಾಂತರ ರೇಖೆ, ತ್ರಿಕೋನ, ಸಮ್ಮಿತಿಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ತೋರುವುದಿಲ್ಲ. ಊರಿನ ಚಿತ್ತಾರಗಾರ್ತಿಯೊಬ್ಬರನ್ನು ಗೌರವಧನ ಕೊಟ್ಟು ಎರಡು ಮಧ್ಯಾಹ್ನ ಶಾಲೆಗೆ ಕರೆಸಿದರೆ ಸಾಕು. ಚನ್ನಪಟ್ಟಣ, ಕಿನ್ನಾಳದ ಕಡೆಯ ಶಾಲೆಗಳಿಗೆ ಗೊಂಬೆ ಮಾಡುವವರು ಹತ್ತಿರದಲ್ಲೇ ಇದ್ದಾರೆ.

ಇದನ್ನೆಲ್ಲ ಗಣಿತ, ಸಮಾಜವಿಜ್ಞಾನದ ಶಿಕ್ಷಕರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯ ಆರರಿಂದ ಎಂಟನೇ ತರಗತಿಗಳಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಶಿಕ್ಷಣ ಇಲಾಖೆಯು ಆ ಬೋಧಕರ ನೇಮಕಕ್ಕೆ ಗಮನ ಕೊಡಬೇಕು. ಅಲ್ಲಿಯವರೆಗೆ ಶಾಲೆಗಳು ಕಲಾ ಪ್ರಾಜೆಕ್ಟ್‌ಗಳನ್ನು ಶಾಲಾ ಅವಧಿಯಲ್ಲೇ ಮಾಡಿಸಲಿ. ಮನೆಗೆ ಏನನ್ನಾದರೂ ಕಳಿಸುವುದಿದ್ದರೆ, ಮಗು ಮಾಡಿ ಮುಗಿಸಿದ್ದನ್ನು ಕಳಿಸಲಿ.

– ನಿವೃತ್ತ ಶಿಕ್ಷಕಿ, ಸಾಗರ