ಜೋಗಿಮಟ್ಟಿ ಮೇಲೆ ಹದ್ದು ಎಣಿಸೋಣ ಅಂದೆಯಲ್ಲ

ಪ್ರೀತಿಯ ದೋಸ್ತ,

ಪತ್ರ ಬಂತು, ಫೋಟೋಗಳೂ ಬಂದವು. ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಮೇಲೆ ಬೈನಾಕ್ಯುಲರ್ ಹಿಡಿದು ದಿನವಿಡೀ ಕೂತು, ವಲಸೆ ಹೋಗುವ ಹದ್ದು, ಗಿಡುಗಗಳನ್ನು ಎಣಿಸಿ ಬಂದೆಯಂತೆ. ನೋಡಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. "ನೀನು ದಾವಣಗೆರೆಯಲ್ಲೇ ಇದ್ದೀಯಲ್ಲ, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೂ ಇದನ್ನು ಶುರು ಮಾಡು" ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ನಮ್ಮ ಕಡೆಯ ಹಕ್ಕಿ ಹುಚ್ಚರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಜೋಗಿಮಟ್ಟಿ ಇನ್ನೊಂದು ಹಾಕ್ ಮೌಂಟನ್ ಆಗುವುದಿಲ್ಲ. ಎತ್ತರದ ಮಾತಾದರೆ ನಮ್ಮದೇ ಮೇಲು. ನೀನು ಕೂತಿದ್ದ ಬಂಡೆ 1,500 ಅಡಿ ಆಸುಪಾಸು, ಜೋಗಿಮಟ್ಟಿ 3,800 ಅಡಿ. ಆದರೆ ಹಕ್ಕಿ ಎತ್ತರ ನೋಡಿ ಬರುವುದಿಲ್ಲ. ಅಲ್ಲಿ ಕಿಟಾಟಿನಿ ಬೆಟ್ಟದ ಸಾಲು ಈಶಾನ್ಯದಿಂದ ನೈರುತ್ಯಕ್ಕೆ ನೂರಾರು ಮೈಲಿ ಹೋಗುತ್ತದೆ. ಚಳಿ ಶುರುವಾದಾಗ ವಾಯವ್ಯದ ಗಾಳಿ ಬಂದು ಅದಕ್ಕೆ ಬಡಿದು ಮೇಲಕ್ಕೇಳುತ್ತದೆ. ಆ ಗಾಳಿ ಮೇಲೆ ರೆಕ್ಕೆ ಬಡಿಯದೆ ತೇಲಿಕೊಂಡು ಹೋಗಬಹುದು. ಹಕ್ಕಿಗೆ ಬೇಕಾದ ದಿಕ್ಕೂ ಅದೇ. ಅದಕ್ಕೇ ಒಂದು ಸೀಸನ್‌ಗೆ ಸರಾಸರಿ 18,000 ಹಕ್ಕಿ ಸಿಗುತ್ತವೆ.

ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಒಂದೇ ಸೀಸನ್ನಿಗೆ 40 ಲಕ್ಷಕ್ಕೂ ಜಾಸ್ತಿ ದಾಟುತ್ತವೆ ಎಂದರೆ ಅದಕ್ಕೂ ನೆಲವೇ ಕಾರಣ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ನೀರಿನ ಮೇಲೆ ಬಿಸಿಗಾಳಿ ಸರಿಯಾಗಿ ಏಳುವುದಿಲ್ಲ, ದೊಡ್ಡ ರೆಕ್ಕೆಯ ಹಕ್ಕಿಗಳು ಅತ್ತ ಹೋಗುವುದಿಲ್ಲ. ಲಾಳಿಕೆಯಲ್ಲಿ ಎಣ್ಣೆ ಸುರಿದ ಹಾಗೆ ಎಲ್ಲವೂ ನಡುವಿನ ಇಕ್ಕಟ್ಟಿಗೇ ಬಂದು ಬೀಳುತ್ತವೆ. ಕಪ್ಪು ಸಮುದ್ರದ ಪಕ್ಕದ ಬಟೂಮಿಯಲ್ಲೂ ಅಷ್ಟೇ. ನಮಗೆ ಹತ್ತಿರದ್ದು ಬೇಕೆಂದರೆ ನೇಪಾಳದ ಪೋಖರಾ ಬಳಿಯ ತೂಲಾಖರ್ಕ. ಅಕ್ಟೋಬರ್, ನವೆಂಬರ್‌ನಲ್ಲಿ ಸ್ಟೆಪ್ ಈಗಲ್ ಹದ್ದು‌ಗಳು ಹಿಮಾಲಯವನ್ನು ದಾಟದೆ ಅದರ ಪಕ್ಕದಲ್ಲೇ ಪಶ್ಚಿಮಕ್ಕೆ ಹೋಗುತ್ತವೆ.

ನಮ್ಮಲ್ಲಿ ಅಂಥ ಇಕ್ಕಟ್ಟು ಎಲ್ಲಿದೆ ಹೇಳು? ಚಿತ್ರದುರ್ಗದ ಸುತ್ತ ಎಲ್ಲ ಬಯಲು. ಹಕ್ಕಿಗಳು ಇಲ್ಲಿಗೆ ಬರುವಷ್ಟರಲ್ಲಿ ದಾರಿ ಮುಗಿದಿರುತ್ತದೆ. ಇದು ಅವಕ್ಕೆ ಚಳಿಗಾಲದ ಮನೆ. ಬಂದವು ಹೊಲ, ಹುಲ್ಲುಗಾವಲಲ್ಲಿ ಚದುರಿಬಿಡುತ್ತವೆ. ಇಲ್ಲಿ ನಿಲ್ಲದೆ ಮುಂದೆ ಹೋಗುವುದು ಅಮೂರ್ ಚಾಣ (ಫಾಲ್ಕನ್) ಒಂದೇ ಇರಬೇಕು. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ ಹುಳ ತಿಂದು ಮೈ ತುಂಬಿಕೊಂಡು, ನಮ್ಮ ಪ್ರಸ್ಥಭೂಮಿ ದಾಟಿ, ಅರಬ್ಬಿ ಸಮುದ್ರದ ಮೇಲೆ ಹಾರಿ ಆಫ್ರಿಕಾ ಸೇರುತ್ತದೆ. ಅದು ರೆಕ್ಕೆ ಬಡಿದು ಹಾರುವ ಹಕ್ಕಿ, ಸಮುದ್ರಕ್ಕೆ ಹೆದರುವುದಿಲ್ಲ. ಜೋಗಿಮಟ್ಟಿಗೇ ಬಂದು ಹೋಗಬೇಕೆಂಬ ಹರಕೆಯೂ ಅದಕ್ಕಿಲ್ಲ.

ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟು ಹೋದೆವಪ್ಪ. ಬುತ್ತಿ, ಮಂಡಕ್ಕಿ, ನೀರು ಕಟ್ಟಿಕೊಂಡು ಗೆಳೆಯರ ಗುಂಪು. ಬೆಳಿಗ್ಗೆ ಬೇಗ ಹೋಗಿ ಪ್ರಯೋಜನ ಇಲ್ಲ. ಬಂಡೆ ಕಾದು ಗಾಳಿ ಏಳಬೇಕು, ಆಗಲೇ ಅವು ಮೇಲೇರುವುದು. ಒಂಬತ್ತರ ಮೇಲೆ ಶುರು. ನೀಲಿ ಆಕಾಶ ಚೆಂದ ಕಾಣುತ್ತದೆ, ಎಣಿಸುವವನಿಗೆ ಮಾತ್ರ ಶತ್ರು. ಚುಕ್ಕಿಯಷ್ಟು ಹಕ್ಕಿ ಅದರಲ್ಲಿ ಕರಗಿಹೋಗುತ್ತದೆ. ಬಿಳಿ ಮೋಡ ಬಂದರೆ ಎದ್ದು ಕಾಣುತ್ತದೆ. ಒಂದು ಹಾವುಗಿಡುಗ ಗಾಳಿಗೆ ಎದುರಾಗಿ ಒಂದೇ ಕಡೆ ನಿಂತು ಕೆಳಗಿನ ಕುರುಚಲು ಗಿಡಗಳನ್ನು ಜಾಲಾಡುತ್ತಿತ್ತು. ಅಷ್ಟು ದೊಡ್ಡ ಹಕ್ಕಿ ಹಾಗೆ ನಿಲ್ಲುವುದನ್ನು ನೋಡುತ್ತಾ ಬರೆಯುವುದನ್ನೇ ಬಿಟ್ಟು ಕೂತಿದ್ದೆವು. ಒಂದೆರಡು ಚಾಣ ಬಂದವು. ಉಳಿದವೆಲ್ಲ ಊರ ಹದ್ದುಗಳು. ಅವು ಸುತ್ತಿ ಸುತ್ತಿ ಅಲ್ಲೇ ಬರುತ್ತವೆ, ಎಣಿಸಿದರೆ ಒಂದೇ ಹದ್ದು ಹತ್ತು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬೆಟ್ಟದ ಸಾಲು ದಾಟಿ ಹೋದದ್ದನ್ನು ಮಾತ್ರ ಬರೆದುಕೊಂಡೆವು. ಬಹಳಷ್ಟು ಗಂಟೆಗಳ ಎದುರು ಸೊನ್ನೆಯೇ ಬಿತ್ತು. ಬೆಟ್ಟ ನೋಡಲು ಬಂದ ಒಂದು ಸಂಸಾರದವರು "ಜಮೀನು ಸರ್ವೆಗೆ ಬಂದಿದ್ದೀರಾ?" ಎಂದು ಕೇಳಿದರು. ಹದ್ದು ಎಣಿಸುತ್ತಿದ್ದೇವೆ ಎಂದೆವು. ಪಾಪ, ಮಕ್ಕಳ ಕೈ ಹಿಡಿದುಕೊಂಡು ಬೇಗ ಬೇಗ ಹೊರಟರು.

ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಬಗ್ಗೆ ನೀನು ಕೇಳಿದ್ದೆ. ಸಾಲು ಸಾಲಾಗಿ ಇವೆ, ಕಣ್ಣು ಹಾಯಿಸಿದ ಕಡೆಯೆಲ್ಲ ಅವೇ. ನಮ್ಮಲ್ಲಿ ಗಾಳಿ ಜೋರಾಗಿ ಬೀಸುವುದು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಯಂತ್ರ ಚೆನ್ನಾಗಿ ತಿರುಗುವುದೂ ಆಗಲೇ. ವಲಸೆ ಹಕ್ಕಿಗಳು ಬರುವುದು ಅದಾದ ಮೇಲೆ. ಅಷ್ಟರಮಟ್ಟಿಗೆ ಅವು ಬಚಾವ್ ಅಂತ ನನ್ನ ಊಹೆ. ವರ್ಷವಿಡೀ ಇಲ್ಲೇ ಇರುವ ಹಕ್ಕಿಗಳ ಕಥೆ ಬೇರೆ. ಸತಾರಾ ಜಿಲ್ಲೆಯ ಚಾಲ್ಕೆವಾಡಿಯಲ್ಲಿ ನಮ್ಮ ಐಐಎಸ್ಸಿಯವರು ಮಾಡಿದ ಅಧ್ಯಯನ 2018ರಲ್ಲಿ ಬಂತು. ಯಂತ್ರಗಳಿಲ್ಲದ ಕಡೆಗಿಂತ ಅವು ಇರುವ ಕಡೆ ಬೇಟೆಗಾರ ಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಕಮ್ಮಿ. ಹಿಡಿದು ತಿನ್ನುವವರಿಲ್ಲದೆ ಅಲ್ಲಿ ಓತಿಕ್ಯಾತಗಳು ಜಾಸ್ತಿಯಾಗಿದ್ದವು. ಜನ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಮೈ ಮಾತ್ರ ಸೊರಗಿತ್ತು, ತಿನ್ನುವ ಬಾಯಿ ಹೆಚ್ಚಾಯಿತಲ್ಲ. ಕರೆಂಟು ಬೇಡ ಅಂತ ನಾನು ಹೇಳುತ್ತಿಲ್ಲ, ಈ ಪತ್ರ ಬರೆಯುತ್ತಿರುವುದೂ ಕರೆಂಟಿನಲ್ಲೇ. ಜೋಗಿಮಟ್ಟಿ ಓತಿಕ್ಯಾತಗಳ ಧೈರ್ಯ ಹೇಗಿದೆ ಅಂತ ಯಾರಾದರೂ ನೋಡಬೇಕು, ಅಷ್ಟೇ.

ಈಗ ನಾನು ಹೇಳಬೇಕಿದ್ದ ವಿಷಯ. ನಮ್ಮಲ್ಲಿ ಎಣಿಸುವ ಜಾಗ ಬೆಟ್ಟದ ಮೇಲಿಲ್ಲ, ಬಯಲಲ್ಲಿದೆ. ಹಗಲಲ್ಲ, ಸಂಜೆ.

ಚಳ್ಳಕೆರೆ ಕಡೆ ಅಮೃತ ಮಹಲ್ ಕಾವಲುಗಳಿದ್ದವಲ್ಲ, ಮೈಸೂರು ಅರಸರ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲು. ಅದರಲ್ಲಿ ದೊಡ್ಡ ಪಾಲು ಈಗ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಆಚೀಚೆ ಉಳಿದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಸೆಳೆವ (ಹ್ಯಾರಿಯರ್) ಎಂಬ ಬೇಟೆಗಾರ ಹಕ್ಕಿಗಳು ಬರುತ್ತವೆ. ಮಾಂಟೆಗು ಸೆಳೆವ, ಬಿಳಿ ಸೆಳೆವ. ಕಜಾಕಿಸ್ತಾನದ ಹುಲ್ಲು ಬಯಲಲ್ಲಿ ಹುಟ್ಟಿದ ಹಕ್ಕಿಗಳು. ಹಗಲೆಲ್ಲ ಶೇಂಗಾ ಕಿತ್ತ ಹೊಲ, ಕಡಲೆ ಹೊಲದ ಮೇಲೆ ತಗ್ಗಿನಲ್ಲಿ ಹಾರುತ್ತಾ ಮಿಡತೆ ಹಿಡಿಯುತ್ತವೆ. ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿಕೊಂಡೇ ತೇಲುತ್ತವೆ, ಅದನ್ನು ನೋಡಿದರೆ ದೂರದಿಂದಲೇ ಗುರುತು ಸಿಗುತ್ತದೆ. ರಾತ್ರಿಗೆ ಮರ ಏರುವುದಿಲ್ಲ. ಹುಲ್ಲಿನೊಳಗೆ, ನೆಲದ ಮೇಲೆ, ಗುಂಪಾಗಿ ಮಲಗುತ್ತವೆ.

ನಮಗೆ ಜಾಗ ತೋರಿಸಿದ್ದು ಒಬ್ಬ ಕುರಿ ಕಾಯುವ ಅಜ್ಜ. "ಹೊತ್ತು ಮುಳುಗೋ ಹೊತ್ಗೆ ಬತ್ತವೆ, ನೆಲದಾಗೇ ಮಲಗ್ತವೆ, ನಮ್ಮ ನಾಯಿಗೂ ಗೊತ್ತು" ಎಂದರು. ಊರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಕ್ಯಾಮೆರಾ ಹಿಡಿದ ಜೀಪುಗಳು ಹುಲ್ಲಿನ ಮೇಲೆ ಓಡಾಡುತ್ತವೆ. ದಿಕ್ಕಿಗೊಬ್ಬರಂತೆ ದೂರ ದೂರ ಕೂತು ಅವರವರ ಕಡೆಯಿಂದ ಬಂದದ್ದನ್ನು ಮಾತ್ರ ಬರೆದುಕೊಂಡೆವು. ಬೆಟ್ಟದ ಮೇಲಿನ ಹಾಗೆ ಸೊನ್ನೆ ಕಾಟ ಇಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಪೆನ್ನಿಗೆ ಬಿಡುವೇ ಇರಲಿಲ್ಲ. ಬೂದು ಬಣ್ಣದ ಗಂಡು ಸುಲಭ. ಕಂದು ಬಣ್ಣದವು ಹೆಣ್ಣೋ ಮರಿಯೋ, ಎರಡರಲ್ಲಿ ಯಾವ ಜಾತಿಯೋ, ಆ ಬೆಳಕಿನಲ್ಲಿ ಹೇಳುವುದು ಕಷ್ಟ. "ಸೆಳೆವ, ಕಂದು" ಎಂದು ಬರೆದು ಮುಂದೆ ಹೋದೆವು.

ನಿನ್ನಿಂದ ಸಹಾಯ ಬೇಕಿರುವುದು ಇಲ್ಲೇ. ಹಾಕ್ ಮೌಂಟನ್ನಿನಲ್ಲಿ 1934ಕ್ಕೆ ಮುಂಚೆ ಜನ ಬಂದೂಕು ಹಿಡಿದು ಅದೇ ಬಂಡೆ ಮೇಲೆ ಕೂರುತ್ತಿದ್ದರು. ರೋಸಲಿ ಎಡ್ಜ್ ಎಂಬ ಹೆಂಗಸು ಬೆಟ್ಟವನ್ನೇ ಗುತ್ತಿಗೆಗೆ ತಗೊಂಡು ಅದನ್ನು ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಬರೀ ತಲೆ ಎಣಿಸಲಿಲ್ಲ, ಬಾಲ್ಡ್ ಈಗಲ್‌ಗಳಲ್ಲಿ ಮರಿ ಎಷ್ಟು ಅಂತಲೂ ಬರೆದಿಟ್ಟರು. 1935ರಿಂದ 39ರವರೆಗೆ ನೂರಕ್ಕೆ 40 ಮರಿಗಳಿದ್ದವು. 1955ರಿಂದ 59ರ ಹೊತ್ತಿಗೆ 20ಕ್ಕೆ ಇಳಿಯಿತು. 1957ರಲ್ಲಂತೂ 32 ದೊಡ್ಡ ಹಕ್ಕಿಗೆ ಒಂದೇ ಮರಿ. ಡಿಡಿಟಿ ಕೀಟನಾಶಕದ ವಿರುದ್ಧ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಬರೆದಾಗ ಈ ಲೆಕ್ಕ ಕೈಗೆ ಬಂತು. ಹಕ್ಕಿ ಹಾರುತ್ತಲೇ ಇತ್ತು, ಸಂಸಾರ ಬೆಳೆಯುವುದು ನಿಂತಿತ್ತು. ಒಟ್ಟು ಸಂಖ್ಯೆ ಮಾತ್ರ ಬರೆದಿದ್ದರೆ ಇದು ಗೊತ್ತಾಗುತ್ತಿತ್ತಾ?

ಅದಕ್ಕೇ ನಮ್ಮ ಹಾಳೆಯಲ್ಲೂ ವಯಸ್ಸಿಗೆ ಒಂದು ಕಾಲಂ ಬೇಕು. ಹಾರುವ ಹಕ್ಕಿಯ ರೆಕ್ಕೆ ನೋಡಿ ಮರಿ ಯಾವುದು, ದೊಡ್ಡದು ಯಾವುದು ಅಂತ ಅಲ್ಲಿನ ಹಿರಿಯರು ಹೇಗೆ ಕಲಿಸುತ್ತಾರೆ, ಕೂತು ಕೇಳಿಕೊಂಡು ಬರೆದು ಕಳಿಸು. ಸಂಕ್ರಾಂತಿಗೆ ಬರುವುದಾದರೆ ಟಿಕೆಟ್ ಈಗಲೇ ಮಾಡಿಸು, ಮಾರ್ಚ್ ಬಂತೆಂದರೆ ಸೆಳೆವಗಳು ವಾಪಸ್ ಹೊರಡುತ್ತವೆ. ಬರುವಾಗ ಒತ್ತಿ ಒತ್ತಿ ಎಣಿಸುವ ಕ್ಲಿಕ್ಕರ್ ನಾಲ್ಕು ತಾ. ಹಳೇ ಬೈನಾಕ್ಯುಲರ್ ಒಂದಿದ್ದರೆ ಅದೂ ಇರಲಿ, ಅಜ್ಜ ಕೇಳಿದ್ದಾರೆ. ನಾವು ಹೋಗದ ಸಂಜೆಗಳಲ್ಲಿ ಅವರೇ ಎಣಿಸುತ್ತಾರಂತೆ.

ನಿನ್ನ
ದಾವಣಗೆರೆ ದೋಸ್ತ