ನೋಟುಬುಕ್ಕು ಯಾಕೆ ಖಾಲಿ ಇದೆ ಅಂತ ಕೇಳಿದ ಪೋಷಕರಿಗೆ

ಎಲ್ಲ ತಂದೆ ತಾಯಿಯರಿಗೆ ನಮಸ್ಕಾರ.

ಕಳೆದ ಶನಿವಾರ ಪೋಷಕರ ಸಭೆಯಲ್ಲಿ 7ನೇ ತರಗತಿ ಹುಡುಗಿಯ ಅಪ್ಪ ಎದ್ದು ನಿಂತು ಮಗಳ ಗಣಿತ ನೋಟುಬುಕ್ಕು ಎತ್ತಿ ತೋರಿಸಿದರು. "ಸರ, ಮೊದ್ಲು ತಿಂಗಳಿಗೊಂದು ನೋಟುಬುಕ್ಕು ಮುಗೀತಿತ್ತು. ಈಗ ಮೂರು ತಿಂಗಳಾತು, ಅರ್ಧಾನೂ ಆಗಿಲ್ಲ. ಹುಡುಗರಿಗೆ ಏನರ ಬರಸ್ತೀರೋ ಇಲ್ಲೋ?" ಹಿಂದೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಸರಿಯಾಗಿ ಉತ್ತರ ಕೊಡಲಿಲ್ಲ. ನಿಮಗೆಲ್ಲ ಹೊಲದ ಅವಸರ ಇತ್ತು. ಅದಕ್ಕೇ ಈ ಪತ್ರ.

ಆ ನೋಟುಬುಕ್ಕನ್ನು ಆಮೇಲೆ ಇಸ್ಕೊಂಡು ನೋಡಿದೆ. ಒಂದು ಪುಟದ ತುಂಬಾ ಗೀಚಿ, ಹೊಡೆದುಹಾಕಿ, ಮತ್ತೆ ಬರೆದ ಲೆಕ್ಕ. ಅಂದವಾಗಿ ಬರೆದದ್ದು ನಾಲ್ಕೇ ಸಾಲು. ಅಪ್ಪನಿಗೆ ಸಿಟ್ಟು ಬಂದದ್ದು ತಪ್ಪಲ್ಲ. ಆದರೆ ಆ ಪುಟದಲ್ಲಿ ಏನು ನಡೆದಿದೆ ಅಂತ ಸ್ವಲ್ಪ ಕೇಳಿ.

ಅವತ್ತು ಗಣಿತದ ಮೇಡಂ ಭತ್ತದ ಲೆಕ್ಕ ಕೊಟ್ಟಿದ್ದರು. ಒಂದು ಚೀಲಕ್ಕೆ 75 ಕೆ.ಜಿ. ಅಂದರೆ 40 ಚೀಲಕ್ಕೆ ಎಷ್ಟು? ಇಷ್ಟಕ್ಕೆ ಮಗ್ಗಿ ಬಂದರೆ ಸಾಕು. 3,000 ಕೆ.ಜಿ., ಅಂದರೆ 30 ಕ್ವಿಂಟಲ್. ಎರಡು ನಿಮಿಷದಲ್ಲಿ ಎಲ್ಲರೂ ಮಾಡಿದರು. ಮೊದಲಾಗಿದ್ದರೆ ಇಂಥವೇ ಹತ್ತು ಲೆಕ್ಕ ಕೊಟ್ಟು ಪುಟ ತುಂಬಿಸುತ್ತಿದ್ದೆವು. ಈಗ ಹಾಗೆ ಮಾಡಲಿಲ್ಲ. ಮುಂದಿನ ಪ್ರಶ್ನೆ ಹೀಗಿತ್ತು: ಒಬ್ಬ ವ್ಯಾಪಾರಿ ಚೀಲಕ್ಕೆ 1,650 ರೂಪಾಯಿ ಕೊಡುತ್ತಾನೆ. ಇನ್ನೊಬ್ಬ ಕ್ವಿಂಟಲ್‌ಗೆ 2,150. ಯಾರಿಗೆ ಮಾರುತ್ತೀರಿ?

ಅರ್ಧ ತರಗತಿ "ಎರಡನೇಯವನಿಗೆ" ಎಂದು ಕೂಗಿತು. 2,150 ದೊಡ್ಡದು ಅಲ್ವಾ! ಲೆಕ್ಕ ಹಾಕಿ ನೋಡಿದ ಮೇಲೆ ಮೊದಲನೆಯವನಿಂದ 66,000, ಎರಡನೆಯವನಿಂದ 64,500. ಸರಿ, ಮೊದಲನೆಯವನೇ ಮೇಲು. ಆಗ ಮೇಡಂ ಮೆಲ್ಲಗೆ ಒಂದು ಮಾತು ಸೇರಿಸಿದರು. ಚೀಲದ ಲೆಕ್ಕದವನು ಪ್ರತಿ ಚೀಲಕ್ಕೂ 2 ಕೆ.ಜಿ. ಜಾಸ್ತಿ ತೂಗಿಸಿಕೊಳ್ಳುತ್ತಾನೆ. ಈಗ? ಚೀಲಕ್ಕೆ 77 ಕೆ.ಜಿ. ಹೋದರೆ ನಿಮ್ಮ 3,000 ಕೆ.ಜಿ.ಗೆ 39 ಚೀಲವೂ ತುಂಬುವುದಿಲ್ಲ. ಲೆಕ್ಕ ತಿರುಗಿಬಿತ್ತು. ಎರಡನೆಯವನೇ ಲಾಭ, ಸುಮಾರು 200 ರೂಪಾಯಿ. ಆ ಹುಡುಗಿಯ ಪುಟದಲ್ಲಿ ಗೀಚಿ ಹೊಡೆದದ್ದು ಇದೇ. ಅವಳು ಮೂರು ಸಲ ಉತ್ತರ ಬದಲಿಸಿದ್ದಾಳೆ. ಮೂರೂ ಸಲ ಕಾರಣ ಇಟ್ಟುಕೊಂಡೇ ಬದಲಿಸಿದ್ದಾಳೆ.

ಇನ್ನೊಂದು ವಿಷಯ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಇದ್ದಾನೆ. ಓದು ಇನ್ನೂ ತಡವರಿಸುತ್ತದೆ. ಪ್ರಶ್ನೆಯನ್ನು ಅವನಿಗೆ ಬಾಯಲ್ಲೇ ಹೇಳಿದ್ದರು. ಅವನು ಕೇಳಿದ್ದು: "ಮೇಡಂ, ಭತ್ತ ಹಸಿ ಐತೋ ಒಣಗೈತೋ?" ಇಡೀ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ. ಹಸಿ ಇದ್ದರೆ ಇಬ್ಬರೂ ರೇಟು ಮುರಿಯುತ್ತಾರೆ, ನಿಮಗೆ ಗೊತ್ತೇ ಇದೆ. ಓದಲು ಬಾರದವನಿಗೆ ಯೋಚಿಸಲೂ ಬರುವುದಿಲ್ಲ ಅಂತ ನಾವು ಮಾಸ್ತರರೇ ಸುಮ್ನೆ ತೀರ್ಮಾನ ಮಾಡಿಬಿಡುತ್ತೇವೆ. ಅವನಿಗೆ ಯಾವಾಗಲೂ ನೋಡಿ ಬರೆಯುವ ಕೆಲಸವನ್ನೇ ಕೊಡುತ್ತೇವೆ. ಓದನ್ನು ಅವನಿಗೆ ಬೇರೆಯಾಗಿ ಕಲಿಸುತ್ತಿದ್ದೇವೆ, ದಿನಾ ಅರ್ಧ ಗಂಟೆ. ಆದರೆ ಅದು ಬರುವ ತನಕ ಯೋಚಿಸುವ ಕೆಲಸ ತಡೆದಿಡುವುದಿಲ್ಲ.

ಇದೇನೂ ನಾವು ಕಂಡುಹಿಡಿದದ್ದಲ್ಲ. 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು ಕಲಿಕೆಯ ಕೆಲಸಗಳನ್ನು ಆರು ಬಗೆಯಾಗಿ ವಿಂಗಡಿಸಿದರು. 2001ರಲ್ಲಿ ಅವರ ಶಿಷ್ಯರೊಬ್ಬರು, ಹಳೇ ಜೊತೆಗಾರರೊಬ್ಬರು ಸೇರಿ ಅದನ್ನು ತಿದ್ದಿದರು. ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದಾಗಿ ಮಾಡುವುದು. ನಾನು ಮಾಸ್ತರನಾಗಲು ಟಿ.ಸಿ.ಎಚ್. ತರಬೇತಿ ಓದುವಾಗ ಹಳೆಯ ಆರು ಹೆಸರನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಯೋಚನೆಯ ಆರು ಮಟ್ಟಗಳನ್ನು ಯೋಚಿಸದೇ ಕಲಿತವರು ನಾವು! ಶಾಲೆಯಲ್ಲಿ ಅದನ್ನು ಬಳಸಲು ಬಹಳ ವರ್ಷ ಹಿಡಿಯಿತು.

ಬಳಸುವಾಗ ಎಡವಿದ್ದೂ ಇದೆ. ಹಿಂದೆ ಬೇರೆ ಊರಲ್ಲಿದ್ದಾಗ ಒಂದು ತರಬೇತಿಗೆ ಹೋಗಿ ಬಂದ ಹುರುಪಿನಲ್ಲಿ 5ನೇ ತರಗತಿಗೆ "ನಿಮ್ಮ ಮನೆಯ ತಿಂಗಳ ಖರ್ಚಿನ ಯೋಜನೆ ತಯಾರಿಸಿ" ಅಂತ ಕೊಟ್ಟೆ. ಮಕ್ಕಳು ನನ್ನ ಮುಖ ನೋಡುತ್ತಾ ಕೂತರು. ಅರ್ಧ ಮಕ್ಕಳಿಗೆ ದಶಕ ತೆಗೆದುಕೊಂಡು ಕಳೆಯುವುದೇ ಬರುತ್ತಿರಲಿಲ್ಲ. ತಪ್ಪು ನನ್ನದೇ. ಹೀಗಾಗಿ ಮಗ್ಗಿ ಬಿಟ್ಟಿದ್ದೇವೆ ಅಂತ ಯಾರೂ ತಿಳಿಯಬೇಡಿ. ದಿನಾ ಬೆಳಿಗ್ಗೆ ಮೊದಲ ಹತ್ತು ನಿಮಿಷ ಮಗ್ಗಿಯೇ. 75ರ ಲೆಕ್ಕ ತಕ್ಷಣ ಬಂದದ್ದಕ್ಕೇ ವ್ಯಾಪಾರಿಗಳ ಬಗ್ಗೆ ಯೋಚಿಸಲು ತಲೆಯಲ್ಲಿ ಜಾಗ ಉಳಿಯಿತು.

ಕಷ್ಟದ ಪ್ರಶ್ನೆ ಬೇರೆ, ಯೋಚಿಸುವ ಪ್ರಶ್ನೆ ಬೇರೆ. ಇದನ್ನು ತಿಳಿದುಕೊಳ್ಳಲು ನನಗೇ ಸಮಯ ಬೇಕಾಯಿತು. ರಾಯಚೂರು ಜಿಲ್ಲೆಯ ಎಲ್ಲ ತಾಲ್ಲೂಕಿನ ಹೆಸರು ಸಾಲಾಗಿ ಹೇಳು ಅಂದರೆ ಕಷ್ಟವೇ. ಆದರೆ ಅದರಲ್ಲಿ ಯೋಚಿಸುವುದೇನಿಲ್ಲ. ಈಗ ಇದನ್ನು ನೋಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ನೀರು ಪೋಲಾಗುತ್ತಿತ್ತು. ಆದರೂ ಉಳಿದ ಗೇಟುಗಳನ್ನೂ ತೆರೆದರು. ಯಾಕೆ? ನಮ್ಮೂರು ಎಡದಂಡೆ ಕಾಲುವೆಯ ಕೊನೆ ಭಾಗದ್ದು. ನೀರಿನ ಚಿಂತೆಯನ್ನು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಒಂದು ಪೀರಿಯಡ್ಡು ಪೂರ್ತಿ ವಾದ ಮಾಡಿದರು. ಕೊನೆಗೆ ಡ್ಯಾಂ ಮೇಲಿನ ಒತ್ತಡ ಇಳಿಸಲು ಎಂಬಲ್ಲಿಗೆ ತಾವೇ ಬಂದರು.

ಇದರಲ್ಲೂ ಒಂದು ಮೋಸ ಇದೆ. ಆ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ನೋಟ್ಸ್ ಕೊಟ್ಟು, ಮರುದಿನ ಅದೇ ಪ್ರಶ್ನೆ ಕೇಳಿದರೆ ಅದು ಬರೀ ನೆನಪಿನ ಪ್ರಶ್ನೆ. ಪ್ರಶ್ನೆಯಲ್ಲಿ "ವಿಶ್ಲೇಷಿಸಿ", "ವಿಮರ್ಶಿಸಿ" ಅಂತ ಇದ್ದರೇನು, ಉತ್ತರ ಗೈಡಿನಲ್ಲಿ ಅಚ್ಚಾಗಿದ್ದರೆ ಮಗು ಮಾಡುವುದು ಬಾಯಿಪಾಠವೇ. ಅದಕ್ಕೇ ಎಲ್ಲದಕ್ಕೂ ನೋಟ್ಸ್ ಕೊಡುತ್ತಿಲ್ಲ. ಮೇಷ್ಟ್ರುಗಳ ಸೋಮಾರಿತನ ಅಂತ ಊರಲ್ಲಿ ಮಾತು ಇದೆಯಂತೆ. ನಿಜ ಹೇಳಬೇಕೆಂದರೆ ನೋಟ್ಸ್ ಕೊಡುವುದೇ ಸುಲಭ.

ಮಾರ್ಕ್ಸ್ ಚಿಂತೆ ಬೇಡ. ಪರೀಕ್ಷೆಯಲ್ಲೂ ಜ್ಞಾನ, ತಿಳುವಳಿಕೆ, ಅನ್ವಯ ಅಂತ ಹಂಚಿಯೇ ಪ್ರಶ್ನೆಪತ್ರಿಕೆ ತಯಾರಾಗುತ್ತದೆ. 8ನೇ ತರಗತಿಯವರು ಬರೆಯುವ ಎನ್‌.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಒಂದು ಪೇಪರ್ ಇರುವುದೇ ಯೋಚನಾ ಶಕ್ತಿ ನೋಡಲು.

ನಿಮ್ಮಿಂದ ಬೇಕಾದದ್ದು ಎರಡೇ. ಮನೆಯಲ್ಲಿ ಮಗು ಪ್ರಶ್ನೆ ತಂದರೆ ಉತ್ತರ ಹೇಳಿಬಿಡಬೇಡಿ. "ನಿನಗೆ ಹಂಗ್ಯಾಕ ಅನಸ್ತು?" ಅಂತ ಕೇಳಿ. ನಿಮಗೆ ಓದು ಬರೆಹ ಬಾರದಿದ್ದರೂ ಇಷ್ಟು ಕೇಳಬಹುದು. ಎರಡನೆಯದು, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ನೋಟ್ಸ್ ಆದರೆ ಗೆಳೆಯರ ಹತ್ತಿರ ಇಸ್ಕೊಂಡು ಬರೆದುಕೊಳ್ಳಬಹುದು. ತರಗತಿಯಲ್ಲಿ ನಡೆದ ವಾದವನ್ನು ಯಾರ ಹತ್ತಿರ ಇಸ್ಕೊಳ್ಳಲಿ?

ಬರುವ ಶನಿವಾರ ಬೆಳಿಗ್ಗೆ 7ನೇ ತರಗತಿಯಲ್ಲಿ ಭತ್ತದ ಲೆಕ್ಕ ಮುಂದುವರಿಯುತ್ತದೆ. ಬಿಡುವಿದ್ದವರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಹಮಾಲಿ ಯಾರು ಕೊಡಬೇಕು, ಲಾರಿ ಬಾಡಿಗೆ ಯಾರದು, ದುಡ್ಡು ಅವತ್ತೇ ಕೈಗೆ ಬರುತ್ತೋ ಹದಿನೈದು ದಿನ ಬಿಟ್ಟೋ, ಇವು ಮಕ್ಕಳಿಗೂ ಗೊತ್ತಿಲ್ಲ, ಮೇಡಂಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕಾಗಿ ಈ ವಾರ ಮಕ್ಕಳು ನಿಮ್ಮನ್ನೇ ಕೇಳಿಕೊಂಡು ಬರುತ್ತಾರೆ. ಇದೇ ಅವರ ಹೋಂವರ್ಕ್.

ಇಂತಿ ನಿಮ್ಮ,
ಮುಖ್ಯ ಗುರುಗಳು