ಮಡಗಾಂವಿನ ಫಿಯೆಟ್ ಬಗ್ಗೆ ಪ್ರಮೋದನಿಗೆ

ಘಾಟ್‌ಕೋಪರ್, ಮುಂಬಯಿ

ಚಿ. ಪ್ರಮೋದನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಿಮ್ಮಪ್ಪನ ಹಳೇ ಫಿಯೆಟ್ ಮತ್ತೆ ಓಡಿಸೋಕೆ ಸಾಮಾನು ಬೇಕು, ಅದಕ್ಕೆ ಮಡಗಾಂವಿನ ಮೇಷ್ಟ್ರೊಬ್ಬರ ಹಳೇ ಫಿಯೆಟ್ ತಗೊಂಡು ಬಿಚ್ಚಲಾ ಅಂತ ಕೇಳಿದ್ದೀಯ. ಗಾಡಿಯ ಬೆಲೆ, ಗೋವಾದಿಂದ ಪುಣೆಗೆ ಎಳೆದು ತರೋ ಬಾಡಿಗೆ, ನಿಮ್ಮ ಸೊಸೈಟಿ ಸೆಕ್ರೆಟರಿಯ ಕಿರಿಕಿರಿ, ಎಲ್ಲ ವಿವರವಾಗಿ ಬರೆದಿದ್ದೀಯ. ಅದೆಲ್ಲ ನೀನು ನಿಭಾಯಿಸುತ್ತೀಯ ಬಿಡು. ನನಗೆ ನಾಟಿದ್ದು ಪತ್ರದ ಕೊನೆಗೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ತುರುಕಿದ ಮಾತು. ಆ ಮೇಷ್ಟ್ರು 'ಗಾಡಿ ಓಡಿಸ್ತೀರಿ ತಾನೆ?' ಅಂತ ಕೇಳಿದರು, ನೀನು ಹೂಂ ಅಂದೆ. ಬಿಚ್ಚೋಕೆ ತಗೊಳ್ಳುತ್ತಿರೋದು ಮುಂದೆ ಅವರಿಗೆ ಗೊತ್ತಾದರೆ ಅನ್ನೋದು ನಿನ್ನ ಹೆದರಿಕೆ. ಓದಿದ ಮೇಲೆ ನನಗೆ ಅವತ್ತು ಊಟ ಸೇರಲಿಲ್ಲ.

ನಾನು ಸ್ಪ್ಯಾನರ್ ಹಿಡಿದವಳಲ್ಲ, ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಕೂತು ಬಿಲ್ ಬರೆದವಳು. ಆದರೂ ಹಳೇ ಗಾಡಿ ಬಿಚ್ಚಿ ಮಾರೋ ಅಂಗಡಿಯಲ್ಲಿ ಅಷ್ಟು ವರ್ಷ ಕೂತರೆ ಒಂದಿಷ್ಟು ಕಣ್ಣಿಗೆ ಬಿದ್ದೇ ಬೀಳುತ್ತೆ. ಗಾಡಿ ತಂದು ಬಿಡೋರಲ್ಲಿ ಎರಡು ಥರ. ಕೆಲವರು ದುಡ್ಡು ಎಣಿಸಿ ಹಿಂತಿರುಗಿ ನೋಡದೆ ಹೋಗೋರು. ಇನ್ನು ಕೆಲವರು ಡ್ಯಾಶ್‌ಬೋರ್ಡಿನ ಗಣಪತಿಯನ್ನು ಕಿತ್ತುಕೊಂಡು, ಸೀಟಿನ ಕೆಳಗೆ ಮತ್ತೊಮ್ಮೆ ಕೈಯಾಡಿಸಿ, ಚಹಾ ಕೇಳಿ ಕುಡಿದು, ಹೊರಡೋಕೆ ಆಗದೆ ನಿಲ್ಲೋರು. ಆದರೆ ಇಬ್ಬರಿಗೂ ಒಂದು ವಿಷಯ ಗೊತ್ತಿತ್ತು, ಗಾಡಿ ಇನ್ನು ಎದ್ದು ಹೋಗಲ್ಲ ಅಂತ. ಗೊತ್ತಿದ್ದೇ ಬಿಟ್ಟು ಹೋಗುತ್ತಿದ್ದರು. ನಿನ್ನ ಮೇಷ್ಟ್ರಿಗೆ ಅದು ಗೊತ್ತಿಲ್ಲ, ಅಲ್ವಾ?

ನಮ್ಮ ಬೂದು ಬಣ್ಣದ ಫಿಯೆಟ್ ಪದ್ಮಿನಿ ನಿನಗೆ ನೆನಪಿರಬೇಕು. ಅದನ್ನು ನಿನ್ನ ಮಾವ ಪನ್ವೇಲ್ ಕಡೆಯವನೊಬ್ಬನಿಗೆ ಕೊಟ್ಟರು. ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಬೇಕು ಅಂದಿದ್ದ. ನಿನ್ನ ಹಾಗೇ ಹೂಂ ಹೂಂ ಅಂದಿದ್ದ. ಅದರ ಎಡಗಡೆ ಹಿಂದಿನ ಬಾಗಿಲಿನಲ್ಲಿ ಗಾಜು ಇಳಿಸೋ ಹ್ಯಾಂಡಲಿನ ಕಪ್ಪು ಗುಂಡಿ ಒಡೆದುಹೋಗಿ, ಮಾವ ಲೇಥ್ ಅಂಗಡಿಯಲ್ಲಿ ಹಿತ್ತಾಳೆಯ ಗುಂಡಿ ಮಾಡಿಸಿ ಹಾಕಿದ್ದರು. ಕೈ ತಾಗಿ ತಾಗಿ ಅದು ಮೂಗುತಿಯ ಹಾಗೆ ಮಿಂಚೋದು. ಆ ವರ್ಷದ ಮಳೆ ನಿಲ್ಲೋ ಮುಂಚೆಯೇ ಆ ಬಾಗಿಲು ನಮ್ಮ ಅಂಗಡಿಗೆ ಬಂತು. ಹಮಾಲ ಅದನ್ನು ಗೋಡೆಗೆ ಒರಗಿಸಿದ. ನಾನು ನೋಡಿದೆ. ಸ್ವಲ್ಪ ದಿನಕ್ಕೆ ಒಬ್ಬ ಟ್ಯಾಕ್ಸಿಯವನು ತಗೊಂಡ. ಗುಂಡಿ ತಿರುಗಿಸಿ ನೋಡಿ ಖುಷಿಪಟ್ಟ. 'ಬಾಗಿಲು, ಎಡ ಹಿಂದಿನದು, ಒಂದು' ಅಂತ ನಾನೇ ಬಿಲ್ ಬರೆದೆ.

ಮನೆಯಲ್ಲಿ ಹೇಳಲಿಲ್ಲ. ಮಾವ ಕೊನೇ ತನಕ ಬೂದು ಫಿಯೆಟ್ ಕಂಡರೆ ನಂಬರ್ ನೋಡೋರು. ಅಲ್ಲ ಅಂತ ಗೊತ್ತಾದರೆ, 'ನಮ್ಮದು ಪನ್ವೇಲ್ ಕಡೆ ಓಡಾಡ್ತಿರಬೇಕು' ಅನ್ನೋರು. ನಾನು ಹೌದೌದು ಅನ್ನುತ್ತಿದ್ದೆ. ಹೇಳಿಬಿಟ್ಟಿದ್ದರೆ ಒಂದು ದಿನ ಬೇಜಾರು ಮಾಡಿಕೊಂಡು ಮರೆಯುತ್ತಿದ್ದರೋ, ಅಥವಾ ಆ ಪನ್ವೇಲಿನವನ ಮನೆ ಹುಡುಕಿಕೊಂಡು ಹೋಗುತ್ತಿದ್ದರೋ, ಈಗ ಯಾರು ಹೇಳೋದು. ಒಂದಂತೂ ನಿಜ. ಬಿಚ್ಚೋಕೆ ಬೇಕು ಅಂತ ಆ ಮನುಷ್ಯ ಮೊದಲೇ ಹೇಳಿದ್ದರೂ ಮಾವ ಕೊಡುತ್ತಿದ್ದರು. ಗಾಡಿಯ ಗತಿ ಅವರಿಗೆ ಗೊತ್ತೇ ಇತ್ತು. ಗುಂಡಿ ಮಾತ್ರ ಬಿಚ್ಚಿ ಇಟ್ಟುಕೊಳ್ಳುತ್ತಿದ್ದರು.

ಅದಕ್ಕೇ ನಿನ್ನ 'ಹೇಳಿದರೆ ಕೊಡಲ್ಲವೇನೋ' ಅನ್ನೋ ಮಾತನ್ನು ನಾನು ಅಷ್ಟು ನಂಬಲ್ಲ. ಮೇಷ್ಟ್ರು ಅಂದ ಮೇಲೆ ಲೆಕ್ಕ ಬರುತ್ತೆ. ವರ್ಷಗಟ್ಟಲೆ ಹಲಸಿನ ಮರದ ಕೆಳಗೆ ನಿಂತ ಗಾಡಿ ಅದು. ನಿಮ್ಮಪ್ಪನ ಗಾಡಿ ಮತ್ತೆ ಓಡಬೇಕು, ಅದಕ್ಕೆ ಇದು ಬೇಕು ಅಂತ ಹೇಳಿ ನೋಡು. ಕೊಡದಿದ್ದರೆ ಬಿಡು, ಬೇರೆ ನೋಡೋಣ.

ಸುಮ್ನೆ ಇದ್ದುಬಿಡೋಣ ಅಂದರೂ ಕಾಗದಪತ್ರ ಬಿಡಲ್ಲ ಕಣೋ. ಗಾಡಿ ಇನ್ನು ಬಳಕೆಗೆ ಬಾರದಂತೆ ಆದರೆ, ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ, ಅಂದರೆ ನೋಂದಣಿ ಪತ್ರ, ಒಪ್ಪಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆರ್‌ಸಿ ಅವರ ಹೆಸರಿನಲ್ಲೇ ಇದ್ದರೆ ಅವರೇ ಸಹಿ ಹಾಕಬೇಕು. ನಿನ್ನ ಹೆಸರಿಗೆ ಮಾಡಿಕೊಳ್ಳೋದಾದರೆ ಫಾರ್ಮ್ 29, 30, ಜೊತೆಗೆ ಮಹಾರಾಷ್ಟ್ರಕ್ಕೆ ತರೋಕೆ ಗೋವಾ ಆರ್‌ಟಿಒದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ. ಎರಡೂ ಮಾಡದೆ ಬಿಚ್ಚಿದೆ ಅಂತಿಟ್ಟುಕೋ. ಆ ನಂಬರ್ ಪ್ಲೇಟು ಯಾರದೋ ಕೈಗೆ ಸಿಕ್ಕಿ ಎಲ್ಲೋ ಏನೋ ಆದರೆ, ಪೊಲೀಸರು ಬಾಗಿಲು ತಟ್ಟೋದು ಆ ಮುದುಕರ ಮನೆಯದನ್ನು. ನೀನು ಹೆದರಿದ ಹಾಗೆ ಅವರಿಗೆ ಗೊತ್ತಾಗೋದು ಆಗ, ಅದೂ ಹಾಗೆ! 2021ರ ನಿಯಮದ ಮೇಲೆ ಗುಜರಿಗೆ ನೋಂದಾಯಿತ ಕೇಂದ್ರ ಅಂತ ಬೇರೆ ಬಂದಿವೆ. ಬಿಚ್ಚೋ ಮೊದಲು ಆರ್‌ಟಿಒದಲ್ಲಿ ಒಂದು ಮಾತು ಕೇಳಿಬಿಡು. ಏಜೆಂಟನ ಮಾತು ನೆಚ್ಚಬೇಡ.

ಪುರಾಣ ಜಾಸ್ತಿ ಆಯಿತೇನೋ. ಗಾಡಿ ತಗೋ ಅಂತಾಳೋ ಬೇಡ ಅಂತಾಳೋ ಅಂತ ನೀನು ಕಾಯುತ್ತಿರಬಹುದು.

ತಗೊಳ್ಳಬಹುದು ಅಂತಲೇ ಅನ್ನಿಸುತ್ತೆ. ಮೊದಲಾದರೆ ಬೇಡ ಅನ್ನುತ್ತಿದ್ದೆ. 2013ರಲ್ಲಿ ಮುಂಬಯಿಯ ಟ್ಯಾಕ್ಸಿಗಳ ವಯಸ್ಸಿಗೆ 20 ವರ್ಷದ ಮಿತಿ ಹಾಕಿದ ಮೇಲೆ ಕಪ್ಪು ಹಳದಿಯ ಕಾಲಿ ಪೀಲಿ ಪದ್ಮಿನಿಗಳು ಸಾಲು ಸಾಲಾಗಿ ಗುಜರಿಗೆ ಬಂದವು. ಏನು ಕೇಳಿದರೂ ಸಿಗೋದು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿ ಆಗಿದ್ದು 2003ರ ಅಕ್ಟೋಬರ್ 29ಕ್ಕೆ. 2023ರ ಅಕ್ಟೋಬರಿಗೆ ಅದರ ಅವಧಿಯೂ ಮುಗಿಯಿತು. ಗಾಡಿ ತಯಾರಾಗಿದ್ದ ಕುರ್ಲಾದಲ್ಲೇ ಇನ್ನು ಅದರ ಸಾಮಾನಿಗೆ ಪರದಾಡಬೇಕು. ಟ್ಯಾಕ್ಸಿಗಳಿಂದ ಬಂದ ಇಂಜಿನ್ನುಗಳೂ ಅಷ್ಟೇ, ಸಿಎನ್‌ಜಿ ಹಾಕಿ ಹಗಲೂ ರಾತ್ರಿ ಓಡಿಸಿ ಸವೆದವು. ಮನೆಯವರು ಓಡಿಸಿದ ಗಾಡಿಯಲ್ಲಿ ಸಿಗೋದು ಅದರಲ್ಲಿ ಸಿಗಲ್ಲ. ಗ್ರಿಲ್, ಕ್ರೋಮ್ ಬೀಡಿಂಗ್, ಹಿಂದಿನ ಲೈಟಿನ ಗಾಜು, ಹಿಂದೆ ಮುಂದೆ ದೊಡ್ಡ ಗ್ಲಾಸು. ಇವು ಚೆನ್ನಾಗಿದ್ದರೆ ಕೇಳಿದ ದುಡ್ಡಿಗೆ ಮೋಸ ಇಲ್ಲ. ರಬ್ಬರ್, ವೈರಿಂಗ್ ಲೆಕ್ಕಕ್ಕೇ ಹಿಡಿಯಬೇಡ. ನಿನಗೆ ಬೇಕಿರೋದು ಬರೀ ಕಾರ್ಬುರೇಟರ್, ಗ್ರಿಲ್ ಅಷ್ಟೇ ಆಗಿದ್ದರೆ ಇಡೀ ಗಾಡಿ ಯಾಕೆ ಹೇಳು.

ಗೇರ್ ಸ್ಟೇರಿಂಗ್ ಪಕ್ಕದಲ್ಲಿದೆಯೋ, ನೆಲದ ಮೇಲಿದೆಯೋ ನೋಡಿದೆಯಾ? ಎಸ್-1 ಮಾಡೆಲ್ ಆದರೆ ನೆಲದ ಮೇಲಿರುತ್ತೆ, ನಿಮ್ಮಪ್ಪನದಕ್ಕೆ ಆ ಗೇರ್ ಬಾಕ್ಸ್ ಸಲೀಸಾಗಿ ಕೂರಲ್ಲ. 137-ಡಿ ಮಾಡೆಲ್ ಆದರೆ ಡೀಸೆಲ್, ಅದರ ಇಂಜಿನ್ನಿನಿಂದ ನಿನಗೆ ಏನೂ ಉಪಯೋಗ ಇಲ್ಲ. ನಿನಗೆ ಬೇಕಾದ್ದು 1089 ಸಿಸಿ ಪೆಟ್ರೋಲ್. ಮೇಷ್ಟ್ರ ಗಾಡಿಯ ಇಂಜಿನ್ ಎತ್ತಿ ನಿಮ್ಮಪ್ಪನದಕ್ಕೆ ಕೂರಿಸಿದರೂ ಹೊಸ ಇಂಜಿನ್ ನಂಬರ್ ಅದರ ಆರ್‌ಸಿಯಲ್ಲಿ ಸೇರಿಸಬೇಕು. ಚಾಸಿಸ್ ನಂಬರಿನ ತಂಟೆಗೆ ಮಾತ್ರ ಹೋಗಬೇಡ, ಮೆಕ್ಯಾನಿಕ್ ಎಷ್ಟೇ ಪುಸಲಾಯಿಸಲಿ.

ಇನ್ನೊಂದು ಮಾತು, ಬರೆಯೋಕೆ ಕೈ ಬರುತ್ತಿಲ್ಲ. ಈ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ ಹೊರೋದು. ತಳ ಹೋದರೆ ಗಾಡಿ ಹೋದ ಹಾಗೆ. ಒಂದು ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಎಳೆದುಕೊಂಡು ಹೋಗು. ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡು. ಗೋವಾದ ಉಪ್ಪುಗಾಳಿಗೆ ಅದು ತುಕ್ಕು ಹಿಡಿದಿರುತ್ತೆ ಅಂತ ನಾವಿಬ್ಬರೂ ಅಂದುಕೊಂಡಿದ್ದೇವೆ. ಆದರೆ ನಿಮ್ಮಪ್ಪನದೂ ಹೊರಗೇ ನಿಂತು ಮಳೆ ನೆನೆದಿದ್ದಲ್ಲವಾ? ಅದೇ ಅಯಸ್ಕಾಂತ ಅದಕ್ಕೂ ಹಿಡಿ, ಮೊದಲು ಅದಕ್ಕೇ ಹಿಡಿ. ಮೇಷ್ಟ್ರ ಗಾಡಿಯ ತಳವೇ ಗಟ್ಟಿ ಇದ್ದು ನಿಮ್ಮಪ್ಪನದು ಹೋಗಿದ್ದರೆ, ಬಿಚ್ಚಬೇಕಾದ್ದು ಯಾವುದು ಅಂತ ನೀನೇ ಯೋಚಿಸಬೇಕಾಗುತ್ತೆ. ಹಾಗಾದರೆ ನೀನು ಅವರಿಗೆ ಹೂಂ ಅಂದಿದ್ದು ಸುಳ್ಳೇ ಆಗಲ್ಲ. ಆದರೆ ನಿಮ್ಮಮ್ಮನಿಗೆ ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ. ನಾನು ಬರೆದೆ ಅಂತ ಮಾತ್ರ ಹೇಳಬೇಡ.

ಫೋನಿನಲ್ಲಿ ಹೇಳಬೇಡ, ಮಡಗಾಂವಿಗೆ ಹೋಗಿಯೇ ಮಾತಾಡು. ಮುಂಗಡ ಕೊಡೋ ಮುಂಚೆ ಹೇಳು, ಕೊಟ್ಟ ಮೇಲೆ ಅಲ್ಲ. ಅವರು ಬೇಜಾರಾದರೆ ಸಮಾಧಾನ ಮಾಡೋಕೆ ಹೋಗಬೇಡ, ಸುಮ್ನೆ ಕೂತಿರು. ಗಾಡಿಯಿಂದ ಏನಾದರೂ ಇಟ್ಟುಕೊಳ್ಳಬೇಕಾ ಅಂತ ಕೇಳು. ಹಾರ್ನೇ ಕೇಳಲಿ, ಸ್ಟೇರಿಂಗೇ ಕೇಳಲಿ, ನಿನಗೆ ಬೇಕಾದ ಗ್ರಿಲ್ಲನ್ನೇ ಕೇಳಲಿ, ಕೊಟ್ಟುಬಿಡು. ಗ್ರಿಲ್ ನಾನು ಕುರ್ಲಾದಲ್ಲಿ ಹುಡುಕಿಸುತ್ತೇನೆ. ಅಂಗಡಿಯ ಹಳೇ ಹುಡುಗರು ಇಬ್ಬರು ಮೂವರು ಈಗಲೂ ಫೋನ್ ಎತ್ತುತ್ತಾರೆ.

ಮಳೆ ಶುರುವಾಗೋ ಮುಂಚೆ ಹೋಗಿ ಬಾ. ಆಮೇಲೆ ಘಾಟಿನಲ್ಲಿ ಗಾಡಿ ಎಳೆದು ತರೋಕೆ ಯಾರೂ ಒಪ್ಪಲ್ಲ, ಒಪ್ಪಿದರೂ ಬಾಯಿಗೆ ಬಂದ ಬಾಡಿಗೆ ಕೇಳುತ್ತಾರೆ.

ಇತಿ ನಿನ್ನ,
ಅತ್ತೆ